ಕ್ಯಾನ್ಸರ್ ಮಾತ್ರೆಯಿಂದ ಸಕ್ಕರೆ ಏರುವುದೇಕೆ? ಪಿಐ3ಕೆ ಕಿಣ್ವದ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಮ್ಮ ತಾಯಿಗೆ 58 ವರ್ಷ. ಸ್ತನ ಕ್ಯಾನ್ಸರ್ ಮೂಳೆಗೆ ಹರಡಿದೆ. ಗಡ್ಡೆಯ ಜೀನ್ ಪರೀಕ್ಷೆಯಲ್ಲಿ ‘ಪಿಐಕೆ3ಸಿಎ, ಎಚ್1047ಆರ್’ ಎಂದು ಬಂದದ್ದರಿಂದ ಫುಲ್ವೆಸ್ಟ್ರಂಟ್ ಚುಚ್ಚುಮದ್ದಿನ ಜೊತೆಗೆ ಆಲ್ಪೆಲಿಸಿಬ್ ಮಾತ್ರೆ ಶುರು ಮಾಡಿದರು. ಎಂದೂ ಸಕ್ಕರೆ ಕಾಯಿಲೆ ಇರದಿದ್ದ ಅವರಿಗೆ ಎರಡೇ ವಾರದಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 260 ಆಗಿದೆ. ವೈದ್ಯರು ಸದ್ಯಕ್ಕೆ ಮಾತ್ರೆ ನಿಲ್ಲಿಸಿದ್ದಾರೆ. ಕ್ಯಾನ್ಸರ್ ಮಾತ್ರೆಗೂ ಸಕ್ಕರೆಗೂ ಏನು ಸಂಬಂಧ? ಇನ್ಸುಲಿನ್ ಕೊಟ್ಟರೆ ಗಡ್ಡೆ ಬೆಳೆಯುತ್ತದೆ ಎಂದು ನೆಂಟರೊಬ್ಬರು ಹೇಳುತ್ತಿದ್ದಾರೆ, ಅದು ನಿಜವೇ? ಈ ಜೀನ್ ದೋಷ ಮಗಳಾದ ನನಗೂ ಬಂದಿರಬಹುದೇ?

ಉತ್ತರ: ಗಡ್ಡೆಯಲ್ಲಿ ಯಾವ ಕಿಣ್ವವನ್ನು ತಡೆಯಲೆಂದು ನಿಮ್ಮ ತಾಯಿಯವರಿಗೆ ಈ ಮಾತ್ರೆಯನ್ನು ಕೊಟ್ಟರೋ, ಅದೇ ಕಿಣ್ವವನ್ನು ಅದು ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ತಡೆದಿದೆ. ಅಲ್ಲೆಲ್ಲ ಇನ್ಸುಲಿನ್ ತನ್ನ ಕೆಲಸವನ್ನು ಮಾಡಿಸಿಕೊಳ್ಳುವುದು ಆ ಕಿಣ್ವದ ಮೂಲಕವೇ ಆದ್ದರಿಂದ ಸಕ್ಕರೆ ಏರಿದೆ. ಎಂದರೆ, ಔಷಧವು ಗುರಿ ತಪ್ಪಿದ್ದರಿಂದ ಹೀಗಾಯಿತೆಂದು ತಿಳಿಯಬೇಕಾಗಿಲ್ಲ. ಗುರಿಯೇ ದೇಹದ ತುಂಬ ಹರಡಿಕೊಂಡಿದೆ. ನಿಮ್ಮ ಮೂರು ಪ್ರಶ್ನೆಗಳಿಗೂ ಉತ್ತರ ಈ ಒಂದು ಸಂಗತಿಯಿಂದಲೇ ಹೊರಡುವುದರಿಂದ, ಕಿಣ್ವದ ಪರಿಚಯವನ್ನು ಸ್ವಲ್ಪ ಸಾವಧಾನವಾಗಿ ಮಾಡಿಕೊಡುತ್ತೇನೆ.

ಇದರ ಪೂರ್ಣ ಹೆಸರು ಫಾಸ್ಫೊಇನೋಸಿಟೈಡ್ 3-ಕೈನೇಸ್. ವೈದ್ಯರೂ ಸಂಶೋಧಕರೂ ಪಿಐ3ಕೆ ಎಂದೇ ಕರೆಯುತ್ತಾರೆ. ಯಾವುದಾದರೂ ಅಣುವಿಗೆ ಒಂದು ಫಾಸ್ಫೇಟ್ ಗುಂಪನ್ನು ತಂದು ಜೋಡಿಸುವ ಕಿಣ್ವಕ್ಕೆ ಕೈನೇಸ್ ಎನ್ನುತ್ತಾರೆ. ನಮ್ಮ ದೇಹದ ಹೆಚ್ಚಿನ ಕೈನೇಸ್‌ಗಳು ಪ್ರೋಟೀನುಗಳಿಗೆ ಫಾಸ್ಫೇಟ್ ಜೋಡಿಸುತ್ತವೆ. ಪಿಐ3ಕೆ ಮಾತ್ರ ಜೀವಕೋಶದ ಹೊರಪೊರೆಯಲ್ಲಿರುವ ಒಂದು ಬಗೆಯ ಕೊಬ್ಬಿನ ಅಣುವಿಗೆ, ಅಂದರೆ ಲಿಪಿಡ್‌ಗೆ, ಅದನ್ನು ಜೋಡಿಸುತ್ತದೆ. ಆ ಲಿಪಿಡ್‌ಗೆ ಎರಡು ಕೊಬ್ಬಿನಾಮ್ಲದ ಬಾಲಗಳಿವೆ, ಅವು ಪೊರೆಯೊಳಗೆ ಹುದುಗಿರುತ್ತವೆ. ತಲೆಯ ಭಾಗದಲ್ಲಿ ಇನೋಸಿಟಾಲ್ ಎಂಬ ಆರು ಇಂಗಾಲದ ಉಂಗುರವಿದ್ದು, ಅದು ಕೋಶದ ಒಳಗಿನ ದ್ರವದ ಕಡೆಗೆ ಚಾಚಿಕೊಂಡಿರುತ್ತದೆ. ಉಂಗುರದ 3, 4 ಮತ್ತು 5ನೆಯ ಸ್ಥಾನಗಳಲ್ಲಿ ಫಾಸ್ಫೇಟ್ ಕೂರಬಹುದು. 4 ಮತ್ತು 5ರಲ್ಲಿ ಮಾತ್ರ ಫಾಸ್ಫೇಟ್ ಇದ್ದರೆ ಅದು ಪಿಪ್2, ಪೊರೆಯಲ್ಲಿ ಯಾವಾಗಲೂ ಅಲ್ಪ ಪ್ರಮಾಣದಲ್ಲಿ ಇದ್ದೇ ಇರುವ ಅಣು. ಪಿಐ3ಕೆ ಬಂದು 3ನೆಯ ಸ್ಥಾನಕ್ಕೂ ಒಂದನ್ನು ಸೇರಿಸಿದರೆ ಅದು ಪಿಪ್3 ಆಗುತ್ತದೆ. ಸುಮ್ಮನಿರುವ ಕೋಶದಲ್ಲಿ ಪಿಪ್3 ಇಲ್ಲವೆನ್ನುವಷ್ಟು ಕಡಿಮೆ. ಹೊರಗಿನಿಂದ ‘ಬೆಳೆ’ ಎಂಬ ಸಂದೇಶ ಬಂದ ಕೆಲವೇ ಸೆಕೆಂಡುಗಳಲ್ಲಿ ಅದು ಹಲವು ಪಟ್ಟು ಏರುತ್ತದೆ. ಒಂದೇ ಒಂದು ಫಾಸ್ಫೇಟ್‌ನ ವ್ಯತ್ಯಾಸವನ್ನು ಕೋಶವು ಆದೇಶವೆಂದು ಓದಿಕೊಳ್ಳುತ್ತದೆ.

ಈ 3ನೆಯ ಸ್ಥಾನದ ಕಥೆ ಬಹಳ ಹಳೆಯದೇನಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿ ಲೂಯಿಸ್ ಕ್ಯಾಂಟ್ಲಿ ಮತ್ತು ಅವರ ಸಂಗಡಿಗರು, ಪ್ರಾಣಿಗಳಲ್ಲಿ ಗಡ್ಡೆ ಉಂಟುಮಾಡುವ ಪಾಲಿಯೋಮಾ ವೈರಸ್‌ನ ಒಂದು ಪ್ರೋಟೀನಿನ ಬೆನ್ನು ಹತ್ತಿದ್ದರು. ಆ ಪ್ರೋಟೀನಿಗೆ ಅಂಟಿಕೊಂಡು ಒಂದು ಲಿಪಿಡ್ ಕೈನೇಸ್ ಬರುತ್ತಿತ್ತು. ಅದು ತಯಾರಿಸುತ್ತಿದ್ದ ವಸ್ತುವು, ಮಿಶ್ರಣದ ವಸ್ತುಗಳನ್ನು ಬೇರ್ಪಡಿಸಿ ನೋಡುವ ತೆಳುಪದರದ ವರ್ಣರೇಖನದಲ್ಲಿ, ಆಗಲೇ ಗೊತ್ತಿದ್ದ 4ನೆಯ ಸ್ಥಾನದ ಲಿಪಿಡ್‌ನ ಜಾಗದಲ್ಲಿಯೇ ಹೆಚ್ಚುಕಡಿಮೆ ನಿಲ್ಲುತ್ತಿತ್ತು; ಆದ್ದರಿಂದ ಎರಡೂ ಒಂದೇ ಎಂದು ಭಾವಿಸುವುದು ಸುಲಭವಾಗಿತ್ತು. ಫಾಸ್ಫೇಟ್ ಕುಳಿತಿರುವುದು 3ನೆಯ ಸ್ಥಾನದಲ್ಲಿ ಎಂದು ಅವರು ತೋರಿಸಿದ್ದು 1988ರಲ್ಲಿ. ಅಂದರೆ ಈ ಕಿಣ್ವ ನಮಗೆ ಪರಿಚಯವಾದದ್ದೇ ಕ್ಯಾನ್ಸರಿನ ಮನೆಯಲ್ಲಿ. ಇನ್ಸುಲಿನ್‌ನೊಂದಿಗಿನ ಅದರ ನಂಟು ಬೆಳಕಿಗೆ ಬಂದದ್ದು ಆಮೇಲೆ.

ಸಸ್ತನಿಗಳಲ್ಲಿ ಪಿಐ3ಕೆ ಒಂದೇ ಇಲ್ಲ, ಎಂಟು ಇವೆ, ಮೂರು ವರ್ಗಗಳಲ್ಲಿ. ಮೂರನೆಯ ವರ್ಗದ ಏಕೈಕ ಸದಸ್ಯ ವಿಪಿಎಸ್34. ಅದು ಕೋಶವು ತನ್ನದೇ ಹಳೆಯ ಭಾಗಗಳನ್ನು ಕರಗಿಸಿಕೊಳ್ಳುವ ಆಟೊಫ್ಯಾಜಿ ಕ್ರಿಯೆಗೆ ಬೇಕಾದದ್ದು, ನಮ್ಮ ಈ ಪ್ರಶ್ನೆಗೆ ಅದರ ಸಂಬಂಧವಿಲ್ಲ. ಎರಡನೆಯ ವರ್ಗವನ್ನೂ ಇಲ್ಲಿ ಬಿಟ್ಟುಬಿಡೋಣ. ಮೊದಲ ವರ್ಗದಲ್ಲಿ ನಾಲ್ಕು: ಆಲ್ಫಾ, ಬೀಟಾ, ಗ್ಯಾಮಾ, ಡೆಲ್ಟಾ. ಆಲ್ಫಾ ಮತ್ತು ಬೀಟಾ ದೇಹದ ಬಹುತೇಕ ಎಲ್ಲ ಕೋಶಗಳಲ್ಲಿಯೂ ಇವೆ; ಗ್ಯಾಮಾ ಮತ್ತು ಡೆಲ್ಟಾ ಮುಖ್ಯವಾಗಿ ಬಿಳಿ ರಕ್ತಕಣಗಳಲ್ಲಿವೆ. ನಿಮ್ಮ ತಾಯಿಯವರ ವರದಿಯಲ್ಲಿರುವ ಪಿಐಕೆ3ಸಿಎ ಎಂಬುದು ಆಲ್ಫಾ ಬಗೆಯ ಕೆಲಸಗಾರ ಭಾಗವನ್ನು ತಯಾರಿಸುವ ಜೀನ್‌ನ ಹೆಸರು; ಅದು 3ನೆಯ ವರ್ಣತಂತುವಿನ ಮೇಲಿದೆ.

ಈಗ ಇನ್ಸುಲಿನ್‌ನ ದಾರಿಯನ್ನು ನೋಡೋಣ. ಊಟವಾದ ಮೇಲೆ ಮೇದೋಜೀರಕ ಗ್ರಂಥಿಯಿಂದ ಹೊರಟ ಇನ್ಸುಲಿನ್ ಸ್ನಾಯುಕೋಶದ ಹೊರಗಿನ ಗ್ರಾಹಕಕ್ಕೆ ಬಂದು ಕೂರುತ್ತದೆ. ಕೋಶದ ಒಳಗೆ ಅದು ಕಾಲಿಡುವ ಅಗತ್ಯವಿಲ್ಲ. ಗ್ರಾಹಕವು ತನ್ನ ಪಕ್ಕದ ಐಆರ್‌ಎಸ್ ಎಂಬ ಪ್ರೋಟೀನಿನ ಸರಪಳಿಯಲ್ಲಿರುವ ಟೈರೊಸಿನ್ ಎಂಬ ಕೆಲವು ಅಮೈನೋ ಆಮ್ಲಗಳಿಗೆ ಫಾಸ್ಫೇಟ್ ಹಚ್ಚುತ್ತದೆ. ಪಿಐ3ಕೆಯಲ್ಲಿ ಎರಡು ತುಂಡುಗಳಿವೆ, ಕೆಲಸ ಮಾಡುವ ಪಿ110 ಮತ್ತು ಅದನ್ನು ಹಿಡಿತದಲ್ಲಿ ಇಟ್ಟುಕೊಂಡಿರುವ ಪಿ85. ಆ ಫಾಸ್ಫೇಟ್ ಹಚ್ಚಿದ ಜಾಗಗಳನ್ನು ಗುರುತಿಸುವುದು ಪಿ85. ಅದು ಅಲ್ಲಿಗೆ ಹೋಗಿ ಅಂಟಿಕೊಂಡಾಗ ಪಿ110ರ ಮೇಲಿನ ಹಿಡಿತ ಸಡಿಲವಾಗುತ್ತದೆ, ಜೊತೆಗೆ ಅದು ತನ್ನ ಲಿಪಿಡ್ ಇರುವ ಪೊರೆಯ ಬಳಿಗೂ ಬಂದಿರುತ್ತದೆ. ಪಿಪ್3 ತಯಾರಾಗುತ್ತದೆ. ಪಿಪ್3 ಇರುವಲ್ಲಿಗೆ ಎಕೆಟಿ ಎಂಬ ಇನ್ನೊಂದು ಕೈನೇಸ್ ಬಂದು ಅಂಟಿಕೊಳ್ಳುತ್ತದೆ. ಪಿಡಿಕೆ1 ಅದರ 308ನೆಯ ಅಮೈನೋ ಆಮ್ಲಕ್ಕೂ, ಎಂಟಾರ್ ಎಂಬುದರ ಎರಡನೆಯ ಸಂಕೀರ್ಣವು 473ನೆಯದಕ್ಕೂ ಫಾಸ್ಫೇಟ್ ಹಚ್ಚಿದಾಗ ಎಕೆಟಿ ಪೂರ್ತಿ ಎಚ್ಚೆತ್ತುಕೊಳ್ಳುತ್ತದೆ.

ಎಕೆಟಿ ಎಚ್ಚೆತ್ತ ಮೇಲೆ ಆಗುವುದು ಅಂಗದಿಂದ ಅಂಗಕ್ಕೆ ಬೇರೆ. ಸ್ನಾಯು ಮತ್ತು ಕೊಬ್ಬಿನ ಕೋಶಗಳಲ್ಲಿ ಒಳಗೆ ಪುಟ್ಟ ಚೀಲಗಳಲ್ಲಿದ್ದ ಗ್ಲುಟ್4 ಎಂಬ ಸಾಗಣೆಯ ಪ್ರೋಟೀನುಗಳು ಪೊರೆಗೆ ಬಂದು ಸೇರಿ ರಕ್ತದ ಗ್ಲೂಕೋಸನ್ನು ಒಳಗೆಳೆದುಕೊಳ್ಳುತ್ತವೆ. ಯಕೃತ್ತಿನಲ್ಲಿ ಫಾಕ್ಸೊ1 ಎಂಬ ಪ್ರೋಟೀನು ಕೋಶಕೇಂದ್ರದಿಂದ ಹೊರದಬ್ಬಲ್ಪಟ್ಟು, ಹೊಸದಾಗಿ ಗ್ಲೂಕೋಸ್ ತಯಾರಿಸುವ ಜೀನ್‌ಗಳು ತಣ್ಣಗಾಗುತ್ತವೆ. ಗ್ಲೂಕೋಸನ್ನು ಗ್ಲೈಕೊಜನ್ ಎಂಬ ದಾಸ್ತಾನಾಗಿ ಕೂಡಿಡುವ ಕೆಲಸ ಚುರುಕಾಗುತ್ತದೆ. ವಿಭಜನೆಯಾಗುವ ಕೋಶಗಳಲ್ಲಿ ಇದೇ ಎಕೆಟಿ ಬೆಳವಣಿಗೆಗೂ ಪ್ರೋಟೀನು ತಯಾರಿಕೆಗೂ ಉತ್ತೇಜನ ಕೊಟ್ಟು, ಸಾಯಬೇಕಾದ ಕೋಶವನ್ನು ಸಾಯದಂತೆ ತಡೆಯುತ್ತದೆ. ಊಟ ಸಿಕ್ಕಿದೆ, ಈಗ ಕೂಡಿಡಬಹುದು, ಬೆಳೆಯಬಹುದು ಎಂಬ ಒಂದೇ ಸುದ್ದಿಯನ್ನು ದೇಹದ ಬೇರೆ ಬೇರೆ ಕೋಶಗಳು ತಮ್ಮ ತಮ್ಮ ಕಸುಬಿಗೆ ತಕ್ಕಂತೆ ಜಾರಿಗೆ ತರುತ್ತವೆ ಎಂದಷ್ಟೇ ಇದರ ಅರ್ಥ. ಹೀಗೆ ಹಚ್ಚಿದ್ದನ್ನು ಆರಿಸಲು ಪಿಟೆನ್ ಎಂಬ ಕಿಣ್ವವಿದೆ: ಅದು ಪಿಪ್3ರ 3ನೆಯ ಸ್ಥಾನದ ಫಾಸ್ಫೇಟನ್ನು ಕಿತ್ತು ಮತ್ತೆ ಪಿಪ್2 ಮಾಡುತ್ತದೆ. ಹಲವು ಗಡ್ಡೆಗಳಲ್ಲಿ ಕಳೆದುಹೋಗಿರುವ ಜೀನ್ ಎಂದು ಪಿಟೆನ್ 1997ರಲ್ಲಿ ಪತ್ತೆಯಾಯಿತು. ಅದು ಮಾಡುವ ಕೆಲಸ ಇದು ಎಂದು ಮರುವರ್ಷ ತಿಳಿಯಿತು.

ನಿಮ್ಮ ತಾಯಿಯವರ ಗಡ್ಡೆಯಲ್ಲಿ ಕೆಟ್ಟಿರುವುದು ಪಿಟೆನ್ ಅಲ್ಲ, ಹಚ್ಚುವ ಕಡೆಯ ಕಿಣ್ವ. ‘ಎಚ್1047ಆರ್’ ಎಂಬುದನ್ನು ಬಿಡಿಸಿ ಓದಿದರೆ ಹೀಗಿದೆ: ಜೀನ್‌ನಲ್ಲಿ ಪ್ರೋಟೀನಿಗೆ ಸಂಕೇತ ಕೊಡುವ ಭಾಗದ 3140ನೆಯ ಅಕ್ಷರವು ‘ಎ’ ಇರಬೇಕಾದಲ್ಲಿ ‘ಜಿ’ ಆಗಿದೆ, ಅದರಿಂದಾಗಿ 1068 ಅಮೈನೋ ಆಮ್ಲಗಳ ಪಿ110 ಸರಪಳಿಯಲ್ಲಿ 1047ನೆಯದು ಹಿಸ್ಟಿಡಿನ್ ಇದ್ದದ್ದು ಆರ್ಜಿನಿನ್ ಆಗಿದೆ. ಒಂದು ಅಕ್ಷರ, ಒಂದು ಅಮೈನೋ ಆಮ್ಲ. ಆದರೆ ಆ ಜಾಗ ಕಿಣ್ವದ ಬಾಲದ ತುದಿಯಲ್ಲಿ, ಅದು ಪೊರೆಗೆ ತಾಗುವ ಕಡೆಯೇ ಇರುವುದರಿಂದ, ಬದಲಾದ ಕಿಣ್ವವು ಯಾರೂ ಕರೆಯದಿದ್ದರೂ ಪೊರೆಗೆ ಅಂಟಿಕೊಂಡು ಪಿಪ್3 ತಯಾರಿಸುತ್ತಲೇ ಇರುತ್ತದೆ. ಗುಂಡಿ ಒಳಗೇ ಸಿಕ್ಕಿಕೊಂಡ ಕಾಲಿಂಗ್ ಬೆಲ್ ಬಾಗಿಲಲ್ಲಿ ಯಾರೂ ಇಲ್ಲದಿದ್ದರೂ ಬಡಿದುಕೊಳ್ಳುತ್ತಿರುವ ಹಾಗೆ. ಇದೇ ಜೀನ್‌ನ 542 ಮತ್ತು 545ನೆಯ ಸ್ಥಾನಗಳಲ್ಲಿಯೂ ಬದಲಾವಣೆಗಳು ಪದೇಪದೇ ಕಂಡುಬರುತ್ತವೆ. ಅಲ್ಲಿ ಆಗುವುದು ಬೇರೆ, ಪಿ85ರ ಹಿಡಿತ ತಪ್ಪುತ್ತದೆ. ಈ ಬದಲಾವಣೆಗಳು ಮನುಷ್ಯರ ಗಡ್ಡೆಗಳಲ್ಲಿ ಇಷ್ಟು ಸಾಮಾನ್ಯ ಎಂಬುದು 2004ರಲ್ಲಿ ತಿಳಿದಾಗ ಈ ಕ್ಷೇತ್ರದ ಚಿತ್ರವೇ ಬದಲಾಯಿತು. ಹಾರ್ಮೋನ್ ಗ್ರಾಹಕ ಇರುವ, ಎಚ್‌ಇಆರ್2 ಎಂಬ ಬೆಳವಣಿಗೆಯ ಪ್ರೋಟೀನು ಹೆಚ್ಚಿರದ ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇಕಡ 40ರಲ್ಲಿ ಪಿಐಕೆ3ಸಿಎ ಬದಲಾಗಿರುತ್ತದೆ.

ಆಲ್ಪೆಲಿಸಿಬ್ ಈ ಆಲ್ಫಾ ಬಗೆಯನ್ನೇ ಆರಿಸಿ ತಡೆಯುವ ಔಷಧ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ 2019ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. ಆಧಾರವಾದದ್ದು ಸೋಲಾರ್-1 ಎಂಬ ಪ್ರಯೋಗ: ಪಿಐಕೆ3ಸಿಎ ಬದಲಾದ ರೋಗಿಗಳಲ್ಲಿ ಫುಲ್ವೆಸ್ಟ್ರಂಟ್ ಒಂದನ್ನೇ ಪಡೆದವರ ಕಾಯಿಲೆ ಮುಂದುವರಿಯದೆ ನಿಂತ ಕಾಲದ ಮಧ್ಯಮಾಂಕ 5.7 ತಿಂಗಳು, ಎರಡನ್ನೂ ಪಡೆದವರಲ್ಲಿ 11 ತಿಂಗಳು. ಅದೇ ಪ್ರಯೋಗದಲ್ಲಿ ಆಲ್ಪೆಲಿಸಿಬ್ ಪಡೆದವರ ಪೈಕಿ ಮೂವರಲ್ಲಿ ಸುಮಾರು ಇಬ್ಬರಿಗೆ ಸಕ್ಕರೆ ಏರಿತು, ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನವರಿಗೆ ತೀವ್ರವಾಗಿಯೇ ಏರಿತು. ಗಮನಾರ್ಹ ಏರಿಕೆ ಮೊದಲು ಕಾಣಿಸಿಕೊಳ್ಳಲು ಹಿಡಿದ ಕಾಲದ ಮಧ್ಯಮಾಂಕ 15 ದಿನ. ನಿಮ್ಮ ತಾಯಿಯವರಿಗೆ ಎರಡು ವಾರದಲ್ಲಿ ಆದದ್ದು ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಇಲ್ಲಿ ಇನ್ನೊಂದು ಮಾತನ್ನೂ ಸೇರಿಸಬೇಕು. ಆ ಪ್ರಯೋಗಕ್ಕೆ ಹತೋಟಿಯಲ್ಲಿಲ್ಲದ ಮಧುಮೇಹ ಇದ್ದವರನ್ನು ಸೇರಿಸಿಕೊಂಡಿರಲಿಲ್ಲ. ಮಧುಮೇಹವೂ ಅದರ ಹೊಸ್ತಿಲಲ್ಲಿ ಇರುವವರೂ ಮನೆಮನೆಯಲ್ಲಿ ಸಿಗುವ ನಮ್ಮಂಥ ಕಡೆ ಆ ಅಂಕಿಗಳನ್ನು ಸ್ವಲ್ಪ ಎಚ್ಚರದಿಂದಲೇ ಓದಬೇಕು. ಮಾತ್ರೆ ಆರಂಭಿಸುವ ಮೊದಲು ಖಾಲಿ ಹೊಟ್ಟೆಯ ಸಕ್ಕರೆಯ ಜೊತೆಗೆ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿಯನ್ನೂ ನೋಡುವುದು ಇದಕ್ಕಾಗಿಯೇ.

ಸಕ್ಕರೆ ಏರುವ ಬಗೆ ಈಗ ನಿಮಗೇ ಹೊಳೆದಿರಬಹುದು. ಇನ್ಸುಲಿನ್‌ನ ಸಂದೇಶವನ್ನು ಯಕೃತ್ತಿಗೂ ಸ್ನಾಯುವಿಗೂ ಮುಟ್ಟಿಸುವ ಮುಖ್ಯ ಬಗೆ ಆಲ್ಫಾ. ಮಾತ್ರೆ ಅದನ್ನು ಕಟ್ಟಿಹಾಕಿದಾಗ ಸ್ನಾಯು ಗ್ಲೂಕೋಸನ್ನು ಎಳೆದುಕೊಳ್ಳುವುದಿಲ್ಲ, ಯಕೃತ್ತು ಊಟವೇ ಸಿಕ್ಕಿಲ್ಲವೆಂಬಂತೆ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಸಕ್ಕರೆ ಏರಿದ್ದನ್ನು ಕಂಡ ಮೇದೋಜೀರಕ ಗ್ರಂಥಿ ಇನ್ನಷ್ಟು, ಮತ್ತಷ್ಟು ಇನ್ಸುಲಿನ್ ಸುರಿಸುತ್ತದೆ. ಅಂದರೆ ಈ ಸ್ಥಿತಿಯಲ್ಲಿ ದೇಹದಲ್ಲಿ ಇನ್ಸುಲಿನ್‌ಗೆ ಕೊರತೆಯಿಲ್ಲ, ಧಾರಾಳವಾಗಿದೆ; ಅದರ ಮಾತು ನಡೆಯುತ್ತಿಲ್ಲ, ಅಷ್ಟೆ.

ನಿಮ್ಮ ನೆಂಟರ ಮಾತಿನಲ್ಲಿ ಅರ್ಧ ಸತ್ಯವಿರುವುದು ಇಲ್ಲಿಯೇ. 2018ರಲ್ಲಿ ಕ್ಯಾಂಟ್ಲಿಯವರ ಗುಂಪೇ ಇಲಿಗಳಲ್ಲಿ ತೋರಿಸಿದಂತೆ, ಪಿಐ3ಕೆ ತಡೆಯುವ ಔಷಧ ಕೊಟ್ಟಾಗ ಉಕ್ಕುವ ಈ ಇನ್ಸುಲಿನ್ ಪ್ರವಾಹವು ಔಷಧವಿದ್ದರೂ ಗಡ್ಡೆಯಲ್ಲಿ ಪಿಐ3ಕೆ ದಾರಿಯನ್ನು ಸ್ವಲ್ಪಮಟ್ಟಿಗೆ ಮತ್ತೆ ತೆರೆಯಬಲ್ಲದು. ಪಿಷ್ಟ ತೀರಾ ಕಡಿಮೆ, ಕೊಬ್ಬು ಹೆಚ್ಚು ಇರುವ ಕೀಟೋಜೆನಿಕ್ ಆಹಾರದಿಂದಲೋ, ಮೂತ್ರದ ಮೂಲಕ ಗ್ಲೂಕೋಸನ್ನು ಹೊರಹಾಕುವ ಎಸ್‌ಜಿಎಲ್‌ಟಿ2 ತಡೆಯುವ ಮದ್ದಿನಿಂದಲೋ ಇನ್ಸುಲಿನ್ನಿನ ಆ ಉಕ್ಕನ್ನು ತಗ್ಗಿಸಿದಾಗ ಕ್ಯಾನ್ಸರ್ ಔಷಧ ಹೆಚ್ಚು ಚೆನ್ನಾಗಿ ಕೆಲಸ ಮಾಡಿತು. ಈ ಕಾರಣದಿಂದಲೇ ಆಲ್ಪೆಲಿಸಿಬ್ ಪಡೆಯುವವರ ಸಕ್ಕರೆಗೆ ಮೊದಲು ಮೆಟ್‌ಫಾರ್ಮಿನ್, ಬೇಕಾದರೆ ಅದರ ಜೊತೆಗೆ ಎಸ್‌ಜಿಎಲ್‌ಟಿ2 ಬಗೆಯ ಮಾತ್ರೆ ಅಥವಾ ಪಯೋಗ್ಲಿಟಜೋನ್ ಎಂಬ ಕ್ರಮವನ್ನು ವೈದ್ಯರು ಹಿಡಿಯುತ್ತಾರೆ. ಇನ್ಸುಲಿನ್ ಸುರಿಸುವಂತೆ ಗ್ರಂಥಿಯನ್ನು ಒತ್ತಾಯಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆಗಳನ್ನು ಹಿಂದಕ್ಕಿಡುತ್ತಾರೆ. ಮಧುಮೇಹಕ್ಕೆ ನಾವು ದಿನನಿತ್ಯ ನೋಡುವ ಔಷಧದ ಚೀಟಿಯನ್ನೇ ಇಲ್ಲಿ ಕಣ್ಣುಮುಚ್ಚಿ ನಕಲು ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗೆಂದು ಇನ್ಸುಲಿನ್ನನ್ನು ವಿಷದಂತೆ ಕಾಣುವುದು ಇನ್ನೂ ದೊಡ್ಡ ತಪ್ಪು. 260 ಎಂಬುದು ತೀವ್ರ ಏರಿಕೆಯ ಪಟ್ಟಿಗೆ ಸೇರುತ್ತದೆ. ಈ ಹಂತದಲ್ಲಿ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಸಕ್ಕರೆಯನ್ನು ಇಳಿಸಿ, ಅದು ಹತೋಟಿಗೆ ಬಂದ ಮೇಲೆ 300 ಮಿಲಿಗ್ರಾಂ ಇದ್ದದ್ದನ್ನು 250ಕ್ಕೆ ಇಳಿಸಿ ಮತ್ತೆ ಆರಂಭಿಸುವುದು ರೂಢಿ. ನಿಮ್ಮ ವೈದ್ಯರು ಮಾಡಿರುವುದೂ ಅದರ ಮೊದಲ ಹೆಜ್ಜೆಯೇ. ಸಕ್ಕರೆ ಕೈಮೀರಿದಾಗ ಒಂದೆರಡು ದಿನಗಳ ಮಟ್ಟಿಗೆ ಇನ್ಸುಲಿನ್ ಕೊಡಬೇಕಾಗಿ ಬರಬಹುದು, ಕೊಡಲೇಬೇಕು. ಏರಿದ ಸಕ್ಕರೆಯಿಂದ ನಿರ್ಜಲೀಕರಣವೂ, ಕೀಟೋನ್‌ಗಳು ತುಂಬಿ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ಸೂ ಆದರೆ ಅದು ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಬರುತ್ತದೆ, ಗಡ್ಡೆಯ ಬೆಳವಣಿಗೆ ಅಷ್ಟು ಅವಸರದ್ದಲ್ಲ. ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ವಾಂತಿ, ಏದುಸಿರು, ಮಂಪರು ಕಂಡರೆ ಮುಂದಿನ ಭೇಟಿಯ ದಿನಾಂಕಕ್ಕಾಗಿ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಎಸ್‌ಜಿಎಲ್‌ಟಿ2 ಬಗೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸಕ್ಕರೆ ಅಷ್ಟೇನೂ ಏರಿರದಿದ್ದರೂ ಕೀಟೋಆಸಿಡೋಸಿಸ್ ಆಗಬಹುದು ಎಂಬುದನ್ನು ವಿಶೇಷವಾಗಿ ನೆನಪಿಡಿ. ಊಟ ಸೇರದ ದಿನ, ವಾಂತಿಭೇದಿ ಇರುವ ದಿನ ಆ ಮಾತ್ರೆಯ ಬಗ್ಗೆ ವೈದ್ಯರಿಗೆ ಫೋನ್ ಮಾಡಿ ಕೇಳಿ.

ಕೀಟೋಜೆನಿಕ್ ಆಹಾರವನ್ನು ಮನೆಯಲ್ಲೇ ಶುರು ಮಾಡೋಣವೇ ಎಂಬ ಯೋಚನೆ ನಿಮಗೆ ಬರಬಹುದು. ಆ ಇಲಿಗಳ ಪ್ರಯೋಗದಲ್ಲೇ, ಔಷಧವಿಲ್ಲದೆ ಬರೀ ಆ ಆಹಾರ ಕೊಟ್ಟಾಗ ಒಂದು ಬಗೆಯ ರಕ್ತಕ್ಯಾನ್ಸರ್ ಇನ್ನೂ ಬೇಗ ಬೆಳೆಯಿತು ಎಂಬುದನ್ನು ಆಹಾರದ ಪ್ರಚಾರಕರು ಹೇಳುವುದಿಲ್ಲ. ಮೂಳೆಗೆ ಕ್ಯಾನ್ಸರ್ ಹರಡಿರುವ, ತೂಕ ಕಳೆದುಕೊಳ್ಳಬಾರದ ರೋಗಿಗೆ ಅದನ್ನು ಆಹಾರತಜ್ಞರ ಮೇಲ್ವಿಚಾರಣೆ ಇಲ್ಲದೆ ಮಾಡಿಸಬೇಡಿ. ಪಿಷ್ಟವನ್ನು ಮಿತಗೊಳಿಸುವುದು ಸಾಕು. ರಾಗಿ ಮುದ್ದೆಗೆ ಸಕ್ಕರೆ ಏರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ರಾಗಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಿಷ್ಟವೇ, ಎರಡು ಮುದ್ದೆ ಉಂಡರೆ ಗ್ಲೂಕೋಮೀಟರ್ ಅದನ್ನು ತೋರಿಸಿಯೇ ತೋರಿಸುತ್ತದೆ. ಅನ್ನವಾಗಲಿ ಮುದ್ದೆಯಾಗಲಿ ಅಳತೆ ತಗ್ಗಿಸಿ, ಕಾಳು, ಸೊಪ್ಪು, ಮೊಟ್ಟೆ, ಮೀನುಗಳ ಪಾಲು ಹೆಚ್ಚಿಸಿ. ಆಲ್ಪೆಲಿಸಿಬ್ಬನ್ನು ಮತ್ತೆ ಶುರು ಮಾಡಿದಾಗ ಊಟವಾದ ಕೂಡಲೇ, ದಿನವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕೊಡಬೇಕು. ಈ ಸಕ್ಕರೆ ಶಾಶ್ವತವೇ ಎಂಬ ಭಯವಿದ್ದರೆ ಅದನ್ನು ಬಿಡಿ: ಔಷಧವನ್ನು ಪೂರ್ತಿ ನಿಲ್ಲಿಸಿದ ಮೇಲೆ ಬಹುತೇಕ ಎಲ್ಲರ ಸಕ್ಕರೆಯೂ ಮೊದಲಿನ ಮಟ್ಟಕ್ಕೆ ಮರಳಿದೆ.

ಗಡ್ಡೆಯ ಕೆಟ್ಟ ಕಿಣ್ವವನ್ನು ಮಾತ್ರ ತಡೆದು ಸ್ನಾಯುವಿನ ಒಳ್ಳೆಯ ಕಿಣ್ವವನ್ನು ಬಿಡಲಾಗದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಕಷ್ಟವೇನೆಂದರೆ, 1068ರಲ್ಲಿ ಒಂದೇ ಅಮೈನೋ ಆಮ್ಲ ಬೇರೆಯಾಗಿರುವ ಎರಡು ಪ್ರೋಟೀನುಗಳನ್ನು ಔಷಧದ ಅಣುವು ಬೇರ್ಪಡಿಸಿ ಗುರುತಿಸಬೇಕು, ಮತ್ತು ಆಲ್ಪೆಲಿಸಿಬ್ ಹೋಗಿ ಕೂರುವ ಜಾಗವು ಎರಡರಲ್ಲೂ ಒಂದೇ. 2024ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇನಾವೊಲಿಸಿಬ್, ಬದಲಾದ ಪಿ110 ಕೋಶದಲ್ಲಿ ಕರಗಿಹೋಗುವಂತೆಯೂ ಮಾಡುತ್ತದೆ. ಆದರೂ ಅದರಿಂದಲೂ ಸಕ್ಕರೆ ಏರುತ್ತದೆ. ಬದಲಾದ ಬಗೆಯನ್ನಷ್ಟೇ ಹಿಡಿಯುವ ಅಣುಗಳು ರೋಗಿಗಳಲ್ಲಿ ಪರೀಕ್ಷೆಯ ಹಂತದಲ್ಲಿವೆ. ಈ ಕ್ಷೇತ್ರದಲ್ಲಿ ನಾನು ಅತಿ ಕುತೂಹಲದಿಂದ ಕಾಯುತ್ತಿರುವುದು ಅವುಗಳ ಫಲಿತಾಂಶಕ್ಕೆ. ಆಲ್ಫಾ ಬಿಟ್ಟು ಡೆಲ್ಟಾವನ್ನು ತಡೆದರೆ ಸಕ್ಕರೆಯ ಕಾಟ ಅಷ್ಟಾಗಿ ಇರುವುದಿಲ್ಲ, ಆದರೆ ಡೆಲ್ಟಾ ಬಿಳಿ ರಕ್ತಕಣಗಳ ಕಿಣ್ವವಾದ್ದರಿಂದ ಪೆಟ್ಟು ಬೀಳುವುದು ರೋಗನಿರೋಧಕ ವ್ಯವಸ್ಥೆಗೆ: ಕೆಲವು ರಕ್ತಕ್ಯಾನ್ಸರ್‌ಗಳಿಗೆ 2014ರಲ್ಲಿ ಬಂದ ಐಡೆಲಾಲಿಸಿಬ್ ಯಕೃತ್ತು, ಕರುಳು, ಶ್ವಾಸಕೋಶಗಳಿಗೆ ತೀವ್ರ ಉರಿಯೂತ ತಂದು ಈಗ ಬಹಳ ಹಿಂದೆ ಸರಿದಿದೆ. ತಡೆಯುವ ಬಗೆ ಬದಲಾದರೆ ತೆರಬೇಕಾದ ಬೆಲೆಯೂ ಬದಲಾಗುತ್ತದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಎಚ್1047ಆರ್ ನಿಮಗೆ ಬಂದಿರುವ ಸಾಧ್ಯತೆ ಇಲ್ಲವೆನ್ನಬಹುದು. ಅದು ತಾಯಿಯವರ ಸ್ತನದ ಒಂದು ಕೋಶದಲ್ಲಿ ಅವರ ಜೀವಿತಾವಧಿಯಲ್ಲಿ ಉಂಟಾಗಿ, ಆ ಕೋಶದ ಸಂತತಿಯಾದ ಗಡ್ಡೆಯಲ್ಲಿ ಮಾತ್ರ ಇರುವ ಬದಲಾವಣೆ. ಅವರ ಅಂಡಾಣುಗಳಲ್ಲಿ ಅದು ಇರಲಿಲ್ಲ. ಇದೇ ಬದಲಾವಣೆ ಭ್ರೂಣ ಬೆಳೆಯುವಾಗ ಕೆಲವು ಕೋಶಗಳಲ್ಲಿ ಆದರೆ, ಮಗುವಿನ ಒಂದು ಕಾಲೋ ಕೈಯೋ ಅಥವಾ ರಕ್ತನಾಳಗಳ ಒಂದು ಭಾಗವೋ ಮಿತಿಮೀರಿ ಬೆಳೆಯುವ ಅಪರೂಪದ ಕಾಯಿಲೆಗಳು ಬರುತ್ತವೆ, ಪ್ಯಾರಿಸ್‌ನ ವೈದ್ಯರು 2018ರಲ್ಲಿ ಅಂಥ 19 ರೋಗಿಗಳಿಗೆ ಇದೇ ಆಲ್ಪೆಲಿಸಿಬ್ ಕೊಟ್ಟು ಪ್ರಯೋಜನ ಕಂಡರು; ಅವು ಕೂಡ ತಾಯಿಯಿಂದ ಮಗುವಿಗೆ ಹರಿದುಬರುವಂಥವಲ್ಲ. ವಂಶದಲ್ಲಿ ಹರಿಯಬಲ್ಲವು ಬಿಆರ್‌ಸಿಎ1, ಬಿಆರ್‌ಸಿಎ2ರಂಥ ಜೀನ್‌ಗಳ ದೋಷಗಳು, ಅಪರೂಪಕ್ಕೆ ಪಿಟೆನ್‌ನ ದೋಷ. ಅವುಗಳನ್ನು ನೋಡುವುದು ಗಡ್ಡೆಯಲ್ಲಿ ಅಲ್ಲ, ರಕ್ತ ಅಥವಾ ಎಂಜಲಿನ ಮಾದರಿಯ ಬೇರೆಯದೇ ಪರೀಕ್ಷೆಯಲ್ಲಿ. ತಾಯಿಯವರಿಗೆ ಮೊದಲು ಕಾಯಿಲೆ ಕಾಣಿಸಿದ್ದು ಯಾವ ವಯಸ್ಸಿನಲ್ಲಿ, ಅಜ್ಜಿ, ಚಿಕ್ಕಮ್ಮ, ದೊಡ್ಡಮ್ಮ, ಸೋದರತ್ತೆಯರಲ್ಲಿ ಯಾರಿಗಾದರೂ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಇತ್ತೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಮುಂದಿನ ಭೇಟಿಗೆ ಹೋಗಿ, ಆ ಪರೀಕ್ಷೆಯನ್ನು ಮೊದಲು ತಾಯಿಯವರಿಗೆ ಮಾಡಿಸುವ ಅಗತ್ಯವಿದೆಯೇ ಎಂದು ಕೇಳಿ.